ವಚನದೋಷ

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಗಾದೆ ಗೊತ್ತಿದ್ದೂ ಶ್ವೇತಾ ತನ್ನ ಫೇಸ್‌ಬುಕ್ ಪುಟಕ್ಕೆ ‘ಇದ್ದದ್ದು ಇದ್ದಂಗ’ ಎಂದೇ ಹೆಸರಿಟ್ಟಳು. ಅದು ಆರು ವರ್ಷದ ಹಿಂದಿನ ಮಾತು. ಆಗ ಓದುವವರು ನಲವತ್ತು ಮಂದಿ, ಅದರಲ್ಲಿ ಮೂವತ್ತು ಮಂದಿ ಬೀಗರು. ಲೈಕ್ ಒತ್ತುವವರೂ ಅವರೇ, ಎದೆಗೆ ಒದೆಯುವವರೂ ಅವರೇ.

ಈಗ ಇಪ್ಪತ್ತಾರು ಸಾವಿರ ಮಂದಿ ಓದುತ್ತಾರೆ. ಕೇಳಲು ಚಂದ. ಆದರೆ ಇಪ್ಪತ್ತಾರು ಸಾವಿರ ಮಂದಿಯನ್ನು ಪ್ರತಿ ಭಾನುವಾರ ಕೂಡಿಸಿ ಕೂರಿಸುವುದೆಂದರೆ ಏನು ಎಂದು ಅನುಭವಿಸಿದವರಿಗೇ ಗೊತ್ತು. ಬೆಳಿಗ್ಗೆ ಐದೂವರೆಗೆ ಎದ್ದು ರೊಟ್ಟಿ ಬಡಿ, ಗಂಡ ಬಸವೇಶನನ್ನು ಕಾಳಿನ ಅಡತಿ ಅಂಗಡಿಗೆ ಕಳಿಸು, ಮಗಳ ಜಡೆ ಹೆಣೆ, ಹತ್ತರೊಳಗೆ ಶಿಗ್ಗಾಂವಿಯ ಕಾಲೇಜಿಗೆ ಹೋಗಿ ಗ್ರಂಥಾಲಯದ ಬಾಗಿಲು ತೆಗಿ. ಅಲ್ಲಿಗೆ ಬರುವ ಹುಡುಗರು ಫ್ಯಾನಿನ ಕೆಳಗೆ ಕೂರಲು ಬರುತ್ತಾರೆ, ಮೊಬೈಲ್ ಚಾರ್ಜಿಗೆ ಹಚ್ಚಲು ಬರುತ್ತಾರೆ. ಪುಸ್ತಕ ಕೇಳಿ ಬಂದವನು ದಾರಿ ತಪ್ಪಿ ಬಂದವನು. ಇಷ್ಟರ ನಡುವೆ ವಾರಕ್ಕೊಂದು ಸತ್ಯ ಹುಡುಕಬೇಕು. ಸುಳ್ಳಾದರೆ ದಿನಕ್ಕೆ ನಾಲ್ಕು ಬರೆಯಬಹುದಿತ್ತು.

ಮಂದಿ ಮುಚ್ಚಿಡುವುದನ್ನೆಲ್ಲ ಶ್ವೇತಾ ಬರೆದಿದ್ದಳು. ಅತ್ತೆಯ ನಾಲಗೆಯ ಬಗ್ಗೆ ಬರೆದಳು. ತನ್ನ ಎರಡನೆಯ ಬಸಿರು ನಿಲ್ಲದೇ ಹೋದದ್ದನ್ನು, ಆ ವಾರ ಗಂಡ ತನ್ನ ಕಡೆ ನೋಡದೇ ಇದ್ದದ್ದನ್ನು ಬರೆದಳು. ನಾದಿನಿ ಐಶ್ವರ್ಯಳನ್ನು ನೋಡಲು ಗಂಡಿನವರು ಬಂದಾಗ ತಾವೆಲ್ಲ ಎಷ್ಟು ಸುಳ್ಳು ಹೇಳಿದೆವು ಎಂದು ಬರೆದದ್ದಕ್ಕೆ ಐಶ್ವರ್ಯ ಒಂದು ವರ್ಷ ಮಾತು ಬಿಟ್ಟಳು. ಪ್ರತಿ ಸತ್ಯಕ್ಕೂ ಮನೆಯ ಒಬ್ಬರು ದೂರವಾದರು, ಹೊರಗಿನ ಸಾವಿರ ಮಂದಿ ಹತ್ತಿರವಾದರು. ಹೀಗೆ ಆರು ವರ್ಷ ನಡೆದು, ಕೊನೆಗೆ ಹೇಳುವಂಥ ಸತ್ಯವೆಲ್ಲ ಮುಗಿದು, ಅವಳಿಗೆ ಸಾಕುಸಾಕಾಗಿತ್ತು.

ಅಂಥ ಹೊತ್ತಿನಲ್ಲಿ ಭರಮಪ್ಪ ತೀರಿಕೊಂಡ.

ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ ಶ್ವೇತಾಳ ತವರುಮನೆ. ಆ ಮನೆಯ ಹೊಲದಲ್ಲಿ ಭರಮಪ್ಪ ನಲವತ್ತೊಂದು ವರ್ಷ ದುಡಿದವನು. ಶ್ವೇತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿ ಶಾಲೆಗೆ ಬಿಟ್ಟವನು. ಅವನಿಗೆಂದು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತಿತ್ತು. ಅವ್ವ ಮೇಲಿನಿಂದ ಚಹಾ ಸುರಿಯುತ್ತಿದ್ದಳು, ಅವನು ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಇಡುತ್ತಿದ್ದ. ಮನೆಯ ಕಪ್ಪು-ಬಸಿ ಅವನ ತುಟಿ ಮುಟ್ಟಲಿಲ್ಲ. ಸುದ್ದಿ ಬಂದ ದಿನ ಶ್ವೇತಾ ಅತ್ತಳು. ಖರೆಯಾಗಿಯೇ ಅತ್ತಳು, ಅದರಲ್ಲಿ ಸಂಶಯ ಬೇಡ. ಅತ್ತು, ಮುಖ ತೊಳೆದುಕೊಂಡು, ಎಲ್ಲವನ್ನೂ ಬರೆದಳು, ಬಟ್ಟಲನ್ನೂ ಬಿಡದೆ. ‘ನಾವು ತಪ್ಪು ಮಾಡಿದೆವು’ ಎಂದು ಬರೆದಳು. ‘ಗೂಡಿನ ಬಟ್ಟಲು’ ಎಂದು ತಲೆಬರಹ ಕೊಟ್ಟಳು.

ಅವಳು ಬರೆದದ್ದರಲ್ಲೆಲ್ಲ ಹೆಚ್ಚು ಮಂದಿ ಓದಿದ್ದು ಅದೇ. ಹನ್ನೊಂದು ಸಾವಿರ ಮಂದಿ ಹಂಚಿಕೊಂಡರು. ‘ಎಂಥ ಧೈರ್ಯ ಅಕ್ಕಾ’, ‘ಕಣ್ಣು ತುಂಬಿ ಬಂತು’, ‘ನಮ್ಮ ಮನೆಯಲ್ಲೂ ಒಬ್ಬ ಭರಮಪ್ಪ ಇದ್ದ’. ಎಷ್ಟು ಭರಮಪ್ಪಂದಿರು ಇದ್ದರೋ ಈ ನಾಡಿನಲ್ಲಿ, ಎಲ್ಲರ ಮನೆಯ ಕೊಟ್ಟಿಗೆಯಿಂದ ಒಬ್ಬೊಬ್ಬ ಎದ್ದು ಬಂದ.

ಸವಣೂರಿನಲ್ಲಿ ಮಕ್ತುಮಸಾಬರು ಎಂಬ ನಿವೃತ್ತ ಮಾಸ್ತರರು ಸಣ್ಣದೊಂದು ಪ್ರಕಾಶನ ನಡೆಸುತ್ತಾರೆ. ವರ್ಷಕ್ಕೆ ಎರಡು ಪುಸ್ತಕ, ಎರಡೂ ಚೊಕ್ಕ. ಅವರು ಶ್ವೇತಾಳನ್ನು ಕರೆಸಿ, ಮೂವತ್ತು ಬರಹ ಆರಿಸಿ ಪುಸ್ತಕ ಮಾಡೋಣ ಎಂದರು. ಶ್ವೇತಾಳಿಗೆ ಹೋದ ಜೀವ ಬಂದಂತಾಯಿತು. ಪುಸ್ತಕವೊಂದು ಆಗಿಬಿಟ್ಟರೆ ಪುಟ ಮುಚ್ಚಿ ಸುಮ್ಮನಿರಬಹುದು, ಆರು ವರ್ಷ ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಮಾಡಿದ್ದಕ್ಕೆ ಕೈಯಲ್ಲಿ ಹಿಡಿಯುವಂಥದ್ದೇನೋ ಇರುತ್ತದೆ. ಅವಳಿಗೆ ಬೇಕಿದ್ದದ್ದು ಇಷ್ಟೇ.

“ಬಟ್ಟಲದ್ದು ಮೊದಲಿಗೆ ಹಾಕೂಣು,” ಅಂದರು ಮಕ್ತುಮಸಾಬರು. “ಅದಿಲ್ಲಂದ್ರ ಈ ಪುಸ್ತಕಕ್ಕ ಮುಖಾನ ಇಲ್ಲ. ಆದ್ರ ಬೇಟಿ, ಆ ಮನುಷ್ಯಾಂದು ಒಂದು ಫೋಟೋ ಬೇಕು. ಮತ್ತ ಮನಿಯವರ ಒಪ್ಪಿಗಿ ಬೇಕು. ಸತ್ತವರ ಮ್ಯಾಲೆ ಬರೆಯೋ ಮುಂದ ಇದ್ದವರನ್ನ ಕೇಳಬೇಕು. ಕೇಳೀಯಿಲ್ಲೋ?”

ಕೇಳಿರಲಿಲ್ಲ. ಹನ್ನೊಂದು ಸಾವಿರ ಮಂದಿ ಹಂಚಿಕೊಳ್ಳುವ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿರಲಿಲ್ಲ. ಕೇಳಬೇಕೆಂಬುದು ಹೊಳೆದೇ ಇರಲಿಲ್ಲ.

“ಕೇಳ್ತೇನ್ರಿ,” ಅಂದಳು. “ಅವರು ಬ್ಯಾಡ ಅನ್ನೂದಿಲ್ರಿ. ಶಂಕ್ರವ್ವ ನಮ್ಮ ಮನಿಯಾಕಿ ಇದ್ದಂಗ.”

ಭರಮಪ್ಪನ ಹೆಂಡತಿ ಶಂಕ್ರವ್ವ ಈಗ ಹಳ್ಳಿಯಲ್ಲಿಲ್ಲ. ಮಗಳು ರಾಜಶ್ರೀ ಹಾನಗಲ್ಲಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು, ಅಲ್ಲೇ ಎರಡು ಖೋಲಿಯ ಬಾಡಿಗೆ ಮನೆ ಮಾಡಿ ತಾಯಿಯನ್ನು ಕರೆದುಕೊಂಡಿದ್ದಾಳೆ. ಮುಂದಿನ ಶನಿವಾರ ಮಧ್ಯಾಹ್ನ ಶ್ವೇತಾ ಬಂಕಾಪುರದ ಮೇಲಿನಿಂದ ಹೋಗುವ ಬಸ್ಸು ಹಿಡಿದು ಹಾನಗಲ್ಲಿಗೆ ಹೋದಳು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಅರ್ಧ ಕಿಲೋ ಪೇಡೆ.

ಶಂಕ್ರವ್ವ ಬಾಗಿಲಿಗೇ ಬಂದು ನಿಂತಿದ್ದಳು.

“ಬರ್ರಿ ಶ್ವೇತಕ್ಕಾರ, ಬರ್ರಿ. ಯಪ್ಪಾ, ಎಷ್ಟು ಸೊರಗೀರಿ. ಒಳಗ ಬರ್ರಿ, ಕುಂದರ್ರಿ.”

“ಹೆಂಗದಿ ಶಂಕ್ರವ್ವಾ? ಮೊಣಕಾಲ ನೋವು ಕಡಿಮಿ ಆತೇನು ನಿನಗ?”

“ನಂದೇನ್ರಿ, ಹೋಗೂ ಜೀವ. ನೀವು ಆರಾಮದೀರಲ್ಲ, ಸಾಕು.”

ಶ್ವೇತಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಳು. ಪಕ್ಕದಲ್ಲೇ ಇನ್ನೊಂದು ಕುರ್ಚಿ ಇತ್ತು. ಶಂಕ್ರವ್ವ ಬಾಗಿಲ ಹತ್ತಿರ ನೆಲಕ್ಕೆ ಕುಳಿತಳು. ಒಳಗಿನಿಂದ ರಾಜಶ್ರೀ ಚಹಾ ತಂದು, “ಬೇ, ಕುರ್ಚಿ ಐತೆಲ್ಲ,” ಅಂದಳು. ಶಂಕ್ರವ್ವ ತನಗೆ ನೆಲವೇ ಹಿತ ಎಂದು ಕೈ ಆಡಿಸಿದಳು. ರಾಜಶ್ರೀ ಇನ್ನೊಂದು ಸಲ ಹೇಳಲಿಲ್ಲ. ದಿನಾ ಹೇಳಿ ಬೇಸತ್ತವಳ ಮುಖ ಅದು.

ಶ್ವೇತಾ ಚಹಾ ಕುಡಿದಳು. ತಾನು ಇವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೇನೆ ಎಂಬುದನ್ನು ಗಮನಿಸಿಕೊಂಡಳು. ಗಮನಿಸಿಕೊಂಡದ್ದಕ್ಕೆ ನಾಚಿಕೆಯಾಯಿತು. ಅಷ್ಟರಮಟ್ಟಿಗೆ ಅವಳು ಪ್ರಾಮಾಣಿಕಳೇ.

ಪುಸ್ತಕದ ವಿಷಯ ಹೇಳಿದಳು. ಮೊದಲ ಬರಹವೇ ಭರಮಪ್ಪನದು ಎಂದಳು, ಒಂದು ಫೋಟೋ ಬೇಕು ಎಂದಳು. ಶಂಕ್ರವ್ವನ ಕಣ್ಣಲ್ಲಿ ನೀರು ಬಂತು.

“ಪುಸ್ತಕದಾಗ ಬರ್ತಾರನ್ರಿ ಅವ್ರು? ಹಾಕ್ರಿ ಶ್ವೇತಕ್ಕಾರ. ಫೋಟೋ ಟ್ರಂಕಿನ್ಯಾಗ ಐತಿ. ರಾಜೀ, ತಗದು ಕೊಡು.”

ರಾಜಶ್ರೀ ಏಳಲಿಲ್ಲ. “ಕೊಡೂಣು,” ಅಂದಳು. “ಮೊದಲ ಅಕ್ಕಾರು ಒಂದೀಟು ಇದನ್ನ ನೋಡ್ಲಿ.”

ತನ್ನ ಶಾಲೆಯ ಚೀಲದಿಂದ ನಾಲ್ಕು ಹಾಳೆ ತೆಗೆದು ಶ್ವೇತಾಳ ಕೈಗೆ ಕೊಟ್ಟಳು. ‘ಗೂಡಿನ ಬಟ್ಟಲು’ ಬರಹವನ್ನೇ ಪ್ರಿಂಟ್ ತೆಗೆಸಿದ್ದು. ಹಾಳೆಯ ತುಂಬ ಕೆಂಪು ಪೆನ್ನಿನ ಸುತ್ತುಗಳು. ಹುಡುಗರ ನಿಬಂಧದ ವಹಿ ತಿದ್ದಿದ ಹಾಗೆ ತಿದ್ದಿದ್ದಳು.

ಶ್ವೇತಾಳಿಗೆ ಮೊದಲು ನಗು ಬಂತು. ಕಾಗುಣಿತ ತಪ್ಪಿರಬೇಕು, ಫೋನಿನಲ್ಲಿ ಬರೆದದ್ದಲ್ಲವೇ ಎಂದುಕೊಂಡಳು. ಆಮೇಲೆ ನೋಡಿದಳು. ‘ಭರಮಪ್ಪ ಬಂದ’ ಎಂಬಲ್ಲಿ ‘ಬಂದ’ಕ್ಕೆ ಸುತ್ತು. ‘ನಕ್ಕ’ಕ್ಕೆ ಸುತ್ತು. ‘ಉಂಡ’, ‘ಕುಡಿದ’, ‘ಅವನ ಕೈ’, ‘ಅವನಿಗೆ ಗೊತ್ತಿತ್ತು’, ಎಲ್ಲಕ್ಕೂ ಸುತ್ತು. ಕೊನೆಯಲ್ಲಿ ‘ಸತ್ತ’ ಎಂಬುದಕ್ಕೆ ಎರಡು ಸುತ್ತು. ಅಂಚಿನಲ್ಲಿ ಟೀಚರ ದುಂಡಕ್ಷರದಲ್ಲಿ ಒಂದೇ ಮಾತು, ಮತ್ತೆ ಮತ್ತೆ: ವಚನದೋಷ. ವಚನದೋಷ. ವಚನದೋಷ.

“ಅರವತ್ಮೂರು ಅದಾವ್ರಿ,” ಅಂದಳು ರಾಜಶ್ರೀ. “ಎರಡು ಸಲ ಎಣಿಸೇನಿ.”

ನಡುನಡುವೆ ಕೆಲವು ಕಡೆ ಸರಿ ಎಂದು ಗುರುತೂ ಹಾಕಿದ್ದಳು. ‘ಅಪ್ಪಾರು ಕಟ್ಟೆಯ ಮೇಲೆ ಕುಳಿತಿದ್ದರು’, ಸರಿ. ‘ದನದ ಡಾಕ್ಟರು ಬಂದರು’, ಸರಿ. ‘ಬಸ್ಸಿನ ಕಂಡಕ್ಟರು ನಕ್ಕರು’, ಅದೂ ಸರಿ.

“ನೋಡ್ರಿ,” ಅಂದಳು ರಾಜಶ್ರೀ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ಪಾಠವನ್ನು ಹತ್ತನೆಯ ವರ್ಷ ಹೇಳುವವರ ದನಿ ಇತ್ತು. “ನಮ್ಮಪ್ಪನ್ನ, ನಿಮ್ಮ ಎತ್ತನ್ನ ಬಿಟ್ರ ಆ ನಾಕು ಪಾನಿನ್ಯಾಗ ಎಲ್ಲಾ ಗಂಡಸರಿಗೂ ‘ರು’ ಐತಿ. ನಮ್ಮಪ್ಪ ನಿಮ್ಮಪ್ಪಾರಿಗಿಂತ ಹನ್ನೆರಡು ವರ್ಷ ದೊಡ್ಡಾವ ಇದ್ದ.”

“ರಾಜಶ್ರೀ, ಅದು ಸಲಗಿಲೆ ಬಂದದ್ದು,” ಅಂದಳು ಶ್ವೇತಾ. ಮಾತು ಖರೆಯಾಗಿಯೇ ಹೇಳಿದಳು. “ದೂರದವರಿಗೆ ಬಹುವಚನ ಹಚ್ಚತೇವಿ. ನಮ್ಮವರು ಅಂದ್ರ ಹಂಗ ಬರ್ತದ. ನಮ್ಮವ್ವಗೂ ನಾ ‘ಬಂದಳು’ ಅಂತಾನ ಬರದೇನಿ.”

“ಸಲಗಿ ಅಂದ್ರ ಎರಡೂ ಕಡಿಂದ ಇರಬೇಕಲ್ರಿ. ನೀವು ಮೂರು ವರ್ಷದವರಿದ್ರಿ. ಆವಾಗ ನಮ್ಮಪ್ಪ ನಿಮ್ಮನ್ನ ಹೆಗಲ ಮ್ಯಾಲ ಎತ್ಗೊಂತ ಏನಂತಿದ್ದ? ‘ಬರ್ರಿ ಸಣ್ಣವ್ವಾರ’ ಅಂತಿದ್ದ. ನೀವ ಬರದೀರಿ ಅದನ್ನ, ಎರಡನೇ ಪಾನ ನೋಡ್ರಿ. ನಾ ನಮ್ಮಪ್ಪಗ ಏಕವಚನಾನ ಅಂತೇನಿ. ನಾ ಅವನ ಮಗಳು. ನೀವ್ಯಾರು?”

ಶಂಕ್ರವ್ವ ನೆಲದಿಂದಲೇ, “ರಾಜೀ, ಬಾಯಿ ಮುಚ್ಚು. ಮನಿಗೆ ಬಂದವರಿಗೆ ಹಂಗ ಅಂತಾರೇನು?” ಅಂದಳು. ಹೆದರಿಕೆಯಿಂದ ಅವಳ ಮುಖ ಸಣ್ಣದಾಗಿತ್ತು.

“ಬೈಯಾಕತ್ತಿಲ್ಲಬೇ, ಹೇಳಾಕತ್ತೇನಿ. ಅಕ್ಕಾರ, ಇನ್ನೊಂದು ಮಾತು ಐತಿ. ನಿಮ್ಮ ಪೋಸ್ಟು ನನಗ ಯಾರು ಕಳಿಸಿದ್ರು ಗೊತ್ತೈತೇನು? ನಮ್ಮ ಹೆಡ್ ಮಾಸ್ತರು. ‘ಇವ್ರು ನಿಮ್ಮ ತಂದೀನ ಏನ್ರಿ ಟೀಚರ? ಎಷ್ಟು ಛಂದ ಬರದಾರ’ ಅಂದ್ರು. ಮರುದಿನ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಓದಿದ್ರು. ಮಧ್ಯಾಹ್ನ ಚಹಾ ಬಂದಾಗ ಎಲ್ಲಾರೂ ನನ್ನ ಕಪ್ ಕಡೆ ನೋಡಾಕತ್ರು. ಪಾಪ, ಕೆಟ್ಟ ಮನಸಿಲೆ ಅಲ್ಲ. ನೀವು ತಪ್ಪ ಒಪ್ಗೊಂಡ್ರಿ, ನಿಮಗ ಶಾಬಾಸ್‌ಕಿ ಸಿಕ್ಕಿತು. ನಮ್ಮಪ್ಪನ ಬಟ್ಟಲ ಊರ ತುಂಬ ತಿರಗ್ಯಾಡಿತು.”

ಶ್ವೇತಾ ಹಾಳೆಗಳನ್ನು ಮಡಚಿದಳು. “ಅಳಸಿಬಿಡ್ತೇನಿ,” ಅಂದಳು. “ಪುಸ್ತಕದಾಗೂ ಬ್ಯಾಡ.”

“ಅಳಸೂದು ಸರಳ ಐತ್ರಿ. ನಮ್ಮ ಹುಡುಗರೂ ಹಂಗ ಮಾಡ್ತಾವು, ತಪ್ಪು ತೋರಿಸಿದ್ರ ಪಾನಾನ ಹರೀತಾವು. ತಿದ್ದರಿ. ಅರವತ್ಮೂರೂ ತಿದ್ದರಿ. ತಿದ್ದಿದ ಮ್ಯಾಲೂ ಅದು ನಿಮಗ ಛಂದ ಅನಿಸಿದ್ರ ಛಾಪಿಸ್ರಿ. ಫೋಟೋ ಆವಾಗ ಕೊಡ್ತೇನಿ.”

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಕಥೆ ಹೇಳುವವರಿಗೂ ಇದು ತಪ್ಪಿದ್ದಲ್ಲ. ಮಕ್ತುಮಸಾಬರು ‘ಅಂದರು’ ಎಂದು ಬಂತು, ಶಂಕ್ರವ್ವ ‘ಅಂದಳು’ ಎಂದು ಬಂತು. ಇಬ್ಬರೂ ಎಪ್ಪತ್ತರ ಆಸುಪಾಸಿನವರೇ. ಓದುವ ನೀವೂ ಎಲ್ಲೂ ತಡವರಿಸಿರಲಿಕ್ಕಿಲ್ಲ. ನಮ್ಮೆಲ್ಲರ ನಾಲಗೆ ಒಂದೇ ಶಾಲೆಯಲ್ಲಿ ಕಲಿತದ್ದು. ಶಂಕ್ರವ್ವ ಬಸ್ ಸ್ಟ್ಯಾಂಡಿನವರೆಗೂ ಬರುತ್ತೇನೆ ಎಂದು ಹಟ ಹಿಡಿದರು, ಮೊಣಕಾಲು ನೋವಿದ್ದರೂ ಓಣಿಯ ತಿರುವಿನವರೆಗೆ ಬಂದರು, “ಮನಸಿಗೆ ಹಚ್ಗೋಬ್ಯಾಡ್ರಿ ಶ್ವೇತಕ್ಕಾರ, ಹುಡುಗಿ ಸಣ್ಣದು” ಎಂದು ನಾಲ್ಕು ಸಲ ಹೇಳಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶ್ವೇತಾಳಿಗೆ ಎಷ್ಟು ದಣಿವಾಗಿತ್ತು ಎಂದರೆ, ಚೀಲವನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಳ್ಳಲೂ ಬೇಸರ. ಆದರೂ ತಲೆ ಸುಮ್ಮನಿರಲಿಲ್ಲ. ಆರು ವರ್ಷದ ಚಟ ಅದು. ಬಂಕಾಪುರ ಬರುವುದರೊಳಗೆ ಮುಂದಿನ ಭಾನುವಾರದ ಬರಹ ತಲೆಯಲ್ಲಿ ತಾನೇ ಕಟ್ಟಿಕೊಳ್ಳತೊಡಗಿತ್ತು: ‘ಇವತ್ತು ಒಬ್ಬ ಮಗಳು ನನಗೆ ಕನ್ನಡ ಕಲಿಸಿದಳು.’ ಒಳ್ಳೆಯ ಸಾಲು. ಹತ್ತು ಸಾವಿರ ಲೈಕಿಗೆ ಮೋಸವಿಲ್ಲ. ಅವಮಾನವೂ ಪೋಸ್ಟ್ ಆಗಿ ಬರುತ್ತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಕಣ್ಣು ಮುಚ್ಚಿಕೊಂಡಳು. ಶಿಗ್ಗಾಂವಿ ಬರುವವರೆಗೂ ತೆರೆಯಲಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಿದ್ದಲು ಕುಳಿತಳು. ‘ದ’ ಇದ್ದಲ್ಲಿ ‘ದರು’ ಮಾಡುವುದು, ‘ಅವನು’ ಇದ್ದಲ್ಲಿ ‘ಅವರು’ ಮಾಡುವುದು. ಅರವತ್ತಮೂರು ಕಡೆ. ಅರ್ಧ ತಾಸಿನ ಕೆಲಸ ಎಂದುಕೊಂಡಿದ್ದಳು.

ಮೊದಲ ಪುಟ ಸಲೀಸಾಗಿ ಹೋಯಿತು. ‘ಭರಮಪ್ಪನವರು ನಸುಕಿನಲ್ಲೇ ಬಂದರು.’ ‘ಭರಮಪ್ಪನವರು ಎತ್ತುಗಳ ಮೈ ತಿಕ್ಕಿದರು.’ ಎರಡನೆಯ ಪುಟದಲ್ಲಿ ಕೈ ನಿಂತಿತು. ‘ಅಪ್ಪಾರು ಕಟ್ಟೆಯ ಮೇಲೆ ಕುಳಿತಿದ್ದರು. ಭರಮಪ್ಪನವರು ಬಂದು ಕೆಳಗೆ ನಿಂತರು. ಅವರು ಒಂದು ತಾಸು ನಿಂತೇ ಇದ್ದರು.’ ಓದಿಕೊಂಡಳು. ಮೊದಲು ‘ನಿಂತ’ ಎಂದಿದ್ದಾಗ ಆ ಸಾಲು ಸುಮ್ಮನೆ ಸಾಗಿಹೋಗುತ್ತಿತ್ತು. ಈಗ ಓದಿದವರು ಯಾರೇ ಆದರೂ ಕೇಳುವವರೇ, ಅವರಿಗೆ ಕೂಡಲು ಯಾಕೆ ಹೇಳಲಿಲ್ಲ ಎಂದು.

ಮೂರನೆಯ ಪುಟದಲ್ಲಿ ಬಟ್ಟಲು. ‘ಭರಮಪ್ಪನವರು ಕೊಟ್ಟಿಗೆಯ ಗೂಡಿನಿಂದ ತಮ್ಮ ಬಟ್ಟಲು ತೆಗೆದು, ಬಗ್ಗಿ ಹಿಡಿದರು. ಅವ್ವ ಮೇಲಿನಿಂದ ಚಹಾ ಸುರಿದಳು. ಅವರು ಕುಡಿದು, ತಾವೇ ತೊಳೆದು, ಗೂಡಿನಲ್ಲಿಟ್ಟರು.’

ಶ್ವೇತಾ ಫೋನ್ ಕೆಳಗಿಟ್ಟಳು. ‘ಅವರು’ ಎಂದು ಕರೆಸಿಕೊಳ್ಳುವ ಹಿರಿಯರೊಬ್ಬರಿಗೆ ಯಾವ ಮನೆಯವರೂ ಹಾಗೆ ಚಹಾ ಕೊಡುವುದಿಲ್ಲ. ಕೊಟ್ಟದ್ದನ್ನು ಬರೆದು ಕಣ್ಣೀರು ತರಿಸುವುದೂ ಇಲ್ಲ. ಆ ಬರಹದಲ್ಲಿ ಅಷ್ಟು ಮಂದಿಗೆ ಸಿಹಿ ಹತ್ತಿದ್ದೆಲ್ಲ ‘ಅವನು’ ಎಂಬ ಆ ಒಂದು ಪದದ ಪುಣ್ಯದಿಂದ. ಅದನ್ನು ತೆಗೆದ ಮೇಲೆ ಉಳಿದದ್ದು ತನ್ನ ಮನೆ, ತನ್ನ ಅಪ್ಪ, ತನ್ನ ಅವ್ವ ನಲವತ್ತೊಂದು ವರ್ಷ ಮಾಡಿದ ಕೆಲಸ. ತಪ್ಪು ಒಪ್ಪಿಕೊಂಡೆ ಎಂದು ಆರು ತಿಂಗಳು ತಿರುಗಿದ್ದಳು. ಒಪ್ಪಿಕೊಂಡಿರಲಿಲ್ಲ, ಮುದ್ದು ಮಾಡಿದ್ದಳು. ಅವಳಿಗೆ ದುಃಖವಾಯಿತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಗೋಡೆಗೆ ಒರಗಿ ಕುಳಿತಳು. ಬಸವೇಶ ಬಂದು, “ಯಾಕ, ತಲಿ ನೋವೇನು?” ಎಂದು ಕೇಳಿದ. ಹೌದು ಎಂದಳು. ಇದ್ದದ್ದು ಇದ್ದಂಗ ಹೇಳುವಷ್ಟು ತ್ರಾಣ ಇರಲಿಲ್ಲ.

ಸಂಜೆಯೊಳಗೆ ಅರವತ್ತಮೂರೂ ತಿದ್ದಿದಳು. ಕೊನೆಯ ‘ಸತ್ತ’ ಎಂಬಲ್ಲಿ ‘ತೀರಿಕೊಂಡರು’ ಎಂದು ಹಾಕಿದಳು. ಹಳೆಯದಿದ್ದ ಜಾಗದಲ್ಲೇ ಹೊಸದನ್ನು ಏರಿಸಿ, ಮೇಲೆ ಒಂದು ಸಾಲು ಸೇರಿಸಿದಳು: ‘ಇದರಲ್ಲಿ ಅರವತ್ತಮೂರು ತಪ್ಪುಗಳಿದ್ದವು, ತಿದ್ದಿದ್ದೇನೆ.’ ಕಾರಣ ಬರೆಯಲಿಲ್ಲ. ಬರೆದರೆ ಅದಕ್ಕೂ ಶಾಬಾಸ್‌ಕಿ ಬರುತ್ತಿತ್ತು.

ಓದುಗರು ದೇವರೇ ಬಿಡಿ. ಒಂದು ದಿನ ಸುಮ್ಮನಿದ್ದರು, ಆಮೇಲೆ ಶುರು ಮಾಡಿದರು. ‘ಅಕ್ಕಾ, ಮೊದಲಿನದರಲ್ಲಿ ಪ್ರೀತಿ ಇತ್ತು.’ ‘ಇದು ಸರಕಾರಿ ಕಾಗದ ಓದಿದ ಹಾಗಿದೆ.’ ‘ನಮ್ಮ ಭರಮಪ್ಪನನ್ನು ನಮ್ಮಿಂದ ಕಿತ್ತುಕೊಂಡಿರಿ.’ ಒಬ್ಬರು, ‘ನಿಮ್ಮ ತಂದೆ-ತಾಯಿಯನ್ನು ಹೀಗೆ ಊರ ಮುಂದೆ ನಿಲ್ಲಿಸಬಾರದಿತ್ತು’ ಎಂದು ಬರೆದರು. ಬಟ್ಟಲಿನ ಕಥೆ ಮೊದಲೂ ಅದೇ ಇತ್ತು, ಆಗ ಅವರೇ ಕೈ ಮುಗಿಯುವ ಚಿತ್ರ ಹಾಕಿದ್ದರು. ವಾರದೊಳಗೆ ಎಂಟುನೂರು ಮಂದಿ ಪುಟ ಬಿಟ್ಟು ಹೋದರು. ಆರು ವರ್ಷದಲ್ಲಿ ಅಷ್ಟು ಮಂದಿ ಒಮ್ಮೆಲೇ ಹೋದದ್ದು ಅದೇ ಮೊದಲು.

ತವರಿನಿಂದ ಅವ್ವ ವೀರವ್ವನ ಫೋನ್ ಬಂತು. ವೀರವ್ವ ಫೇಸ್‌ಬುಕ್ ನೋಡುವವಳಲ್ಲ, ನೋಡಿದವರು ಹೋಗಿ ಹೇಳಿದ್ದರು.

“ಭರಮ್ಯಾಗ ‘ರು’ ಹಚ್ಚೀಯಂತಲ್ಲ?”

“ಹೌದವ್ವ.”

“ಮತ್ತ ನಿಮ್ಮಪ್ಪಗ ಏನ ಹಚ್ಚತಿ ಇನ್ನ ಮ್ಯಾಲೆ?”

ಉತ್ತರಕ್ಕೆ ಕಾಯದೆ ಅವ್ವ, “ನಾ ಅವಗ ಉಪಾಸ ಕೆಡವಿಲ್ಲವಾ, ಒಂದಿನಾನೂ ಕೆಡವಿಲ್ಲ,” ಅಂದು ಫೋನ್ ಇಟ್ಟಳು. ಅದೂ ಖರೆಯೇ ಇತ್ತು. ಶ್ವೇತಾಳಿಗೆ ಅವ್ವನ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನಿಸಿತು.

ಮಕ್ತುಮಸಾಬರಿಗೆ ತಿದ್ದಿದ ಪ್ರತಿ ಕಳಿಸಿದ್ದಳು. ಅವರು ಮೂರು ದಿನ ಬಿಟ್ಟು ಮಾತಾಡಿದರು.

“ಓದಿದೆ ಬೇಟಿ. ಈಗ ಇದು ಓದಾಕ ಹಿತ ಇಲ್ಲ. ಗಂಟಲದಾಗ ಸಿಗತೈತಿ. ಪುಸ್ತಕ ತಗೊಂಡವ್ರು ಮೊದಲನೇ ಲೇಖನಕ್ಕ ಮುಚ್ಚಿಟ್ರೂ ಇಟ್ರು.”

“ಹಂಗಾದ್ರ ಬ್ಯಾಡ ಅಂತೀರೇನ್ರಿ?”

“ಮೊದಲಿಗೇ ಹಾಕೂಣು ಅಂತೇನಿ. ಓದೋ ಮಂದಿ ಕಡಿಮಿ ಆಗ್ತಾರ, ಆಗ್ಲಿ. ಫೋಟೋ ಕೊಟ್ರೇನು ಅವ್ರು?”

ಫೋಟೋ ಇನ್ನೂ ಬಂದಿರಲಿಲ್ಲ. ರಾಜಶ್ರೀಗೆ ತಿದ್ದಿದ್ದನ್ನು ಕಳಿಸಿ ಆರು ದಿನವಾಗಿತ್ತು. ಓದಿದ್ದಾಳೆ ಎಂಬುದಕ್ಕೆ ಎರಡು ನೀಲಿ ಗೆರೆ ಬಿದ್ದಿದ್ದವು, ಉತ್ತರ ಇರಲಿಲ್ಲ. ಇಪ್ಪತ್ತೈದು ಸಾವಿರ ಮಂದಿ ಏನಂದರೂ ಈಗ ಶ್ವೇತಾಳಿಗೆ ಬೇಕಾಗಿರಲಿಲ್ಲ. ಹಾನಗಲ್ಲಿನ ಆ ಎರಡು ಖೋಲಿಯ ಮನೆಯಿಂದ ಒಂದು ಹೂಂ ಬರಬೇಕಿತ್ತು. ಏಳನೆಯ ದಿನ, ಶನಿವಾರ ಮಧ್ಯಾಹ್ನ, ಗ್ರಂಥಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳೇ ಫೋನ್ ಮಾಡಿದಳು.

ಎತ್ತಿದ್ದು ಶಂಕ್ರವ್ವ. “ಹಲೋ, ಯಾರು?”

ಶ್ವೇತಾ ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು, ತಪ್ಪಬಾರದು ಎಂದು. ಬರೆಯುವುದು ಸುಲಭ, ತಿದ್ದಲು ಸಮಯವಿರುತ್ತದೆ. ಮಾತು ಹಾಗಲ್ಲ. “ನಾನ್ರಿ ಶಂಕ್ರವ್ವಾರ, ಶ್ವೇತಾ,” ಅಂದಳು. “ಹೆಂಗದೀರಿ? ಮೊಣಕಾಲು ಹೆಂಗೈತ್ರಿ?”

ಶ್ವೇತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಶಂಕ್ರವ್ವಾರ, ಕೇಳಾಕತ್ತೈತೇನ್ರಿ?”

“ಶ್ವೇತಕ್ಕಾರನ ಹೌದೇನ್ರಿ ಇದು?” ಎಂದು ಶಂಕ್ರವ್ವ ಕೇಳಿದರು. “ಯಾಕ್ರಿ ಶ್ವೇತಕ್ಕಾರ, ಹಿಂಗ್ಯಾಕ ಮಾತಾಡಾಕತ್ತೀರಿ?”

“ಹೆಂಗ್ರಿ?”

“ನನಗ ‘ರಿ’ ಹಚ್ಚಾಕತ್ತೀರಲ್ರಿ. ನನ್ನ ಮಗಳು ಅಂದದ್ದಕ್ಕ ಸಿಟ್ಟಾದ್ರೇನು? ಆಕಿ ಸಣ್ಣಾಕಿ, ತಿಳಿವಳಿಕಿ ಇಲ್ಲ. ನಾ ಏನ ತಪ್ಪು ಮಾಡಿದೆ? ನಿಮ್ಮ ಮನಿ ಉಂಡ ಬೆಳದೇವಿ. ನಮ್ಮನ್ನ ದೂರ ಮಾಡಬ್ಯಾಡ್ರಿ ಯವ್ವಾ.”

ಅವರು ಅಳುತ್ತಿದ್ದರು. ‘ಅಳಬ್ಯಾಡ ಶಂಕ್ರವ್ವಾ’ ಅಂದುಬಿಟ್ಟರೆ ಒಂದೇ ಮಾತಿಗೆ ಅವರ ಅಳು ನಿಲ್ಲುತ್ತಿತ್ತು. ಆ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಹಾಗೆ ಅನ್ನುವುದು ಪ್ರೀತಿಯೋ, ಮತ್ತೆ ನೆಲಕ್ಕೆ ಕೂರಿಸುವುದೋ, ಅವಳಿಗೆ ತಿಳಿಯಲೊಲ್ಲದು.

“ಸಿಟ್ಟಾಗಿಲ್ರಿ,” ಅಂದಳು. “ಖರೇನ ಸಿಟ್ಟಾಗಿಲ್ರಿ ಶಂಕ್ರವ್ವಾರ.”

“ಮತ್ತ ‘ರಿ’ ಅಂದ್ರಿ,” ಅಂದರು ಶಂಕ್ರವ್ವ.

ಹಿಂದಿನಿಂದ ರಾಜಶ್ರೀಯ ದನಿ ಕೇಳಿಸಿತು. ಫೋನಿಗೆ ಕೇಳಿಸಲೆಂದು ಆಡಿದ್ದಲ್ಲ, ತಾಯಿಗೆ ಸಮಾಧಾನ ಹೇಳುವ ದನಿ. “ಅನ್ನಲಿ ಬಿಡಬೇ. ಅಳಬ್ಯಾಡ. ಆಕಿಗೂ ರೂಢಿ ಆಗ್ಲಿ, ನಿನಗೂ ರೂಢಿ ಆಗ್ಲಿ. ಫೋಟೋ ಕಳಸ್ತೇನಿ ಅಂತ ಹೇಳು ಆಕಿಗೆ.”

ಫೋಟೋ ಸಿಕ್ಕಿತು. ಪುಸ್ತಕವೂ ಆಗುತ್ತದೆ. ಸಂತೋಷವಾಗಬೇಕಿತ್ತು. ಆದರೆ ಶ್ವೇತಾಳ ಕಿವಿಗೆ ಮೊದಲು ಬಡಿದದ್ದು ‘ಆಕಿ’ ಎಂಬ ಮಾತು. ತನಗಿಂತ ಹನ್ನೊಂದು ವರ್ಷ ಸಣ್ಣವಳು, ತನ್ನನ್ನು, ಆಕಿ ಅಂದಳು. ಮುಖಕ್ಕೆ ರಕ್ತ ಏರಿ ಕಿವಿ ಬಿಸಿಯಾದವು. ಎಷ್ಟು ಸೊಕ್ಕು ಈಕೆಗೆ ಎಂದು ಮನಸ್ಸು ಅಂದೇಬಿಟ್ಟಿತು, ತಡೆಯುವುದರೊಳಗೆ ಅಂದಿತು.

ಎರಡು ಸಲ ಅನ್ನಿಸಿಕೊಂಡದ್ದಕ್ಕೆ ಇಷ್ಟು ಉರಿ. ಅವಳು ಮೇಜಿನ ಅಂಚು ಹಿಡಿದುಕೊಂಡು ಕುಳಿತಳು. ಆ ಕಡೆ ಶಂಕ್ರವ್ವ ಮೂಗು ಒರೆಸಿಕೊಂಡು, ಫೋಟೋ ಕಳಿಸುತ್ತಾಳಂತೆ ಎಂದು ಹೇಳುತ್ತಿದ್ದರು.

“ಆತ್ರಿ,” ಅಂದಳು ಶ್ವೇತಾ. “ಆಕಿಗೆ... ರಾಜಶ್ರೀ ಅವರಿಗೆ ಹೇಳ್ರಿ, ಬಾಳ ಉಪಕಾರ ಆತು ಅಂತ.”